ಹಿಂದಿನ ಸೀಟಿನ ಭಾನುವಾರಗಳು

ವ್ಯಾನು ಕೊಟ್ಟುಬಿಡುವುದು ಎಂದು ನಿಶ್ಚಯವಾದ ಮೇಲೆ ನನಗೆ ಒಂದು ಕಡೆ ಕೂರುವುದೇ ಕಷ್ಟವಾಯಿತು. ಒಗ್ಗರಣೆಗೆ ಎಣ್ಣೆ ಇಟ್ಟು ಬಾಲ್ಕನಿಗೆ ಬರುತ್ತಿದ್ದೆ, ಸಾಸಿವೆ ಸಿಡಿಯುವ ಸದ್ದಿಗೆ ಮತ್ತೆ ಒಳಗೆ ಓಡುತ್ತಿದ್ದೆ. ಎಂವಿಪಿ ಕಾಲೋನಿಯ ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಿಂದ ಬಗ್ಗಿ ನೋಡಿದರೆ, ಸ್ಕೂಟರುಗಳ ಸಾಲಿನ ಕೊನೆಯಲ್ಲಿ ಅದು ನಿಂತಿರುತ್ತಿತ್ತು. ಜಾರುವ ಬಾಗಿಲಿನ ಹಳೆಯ ವ್ಯಾನು. ಒಂದು ಕಾಲಕ್ಕೆ ಬಿಳಿ, ಈಗ ಹಳೆಯ ಬನಿಯನ್ನಿನ ಬಣ್ಣ. ನಂಬರು ಇನ್ನೂ ಕರ್ನಾಟಕದ್ದೇ. ವಿಶಾಖಪಟ್ಟಣದ ಉಪ್ಪುಗಾಳಿ ಅದರ ತಳವನ್ನು ನಿಧಾನವಾಗಿ ತಿಂದುಹಾಕಿತ್ತು. ಹಿಂದಿನ ಸೀಟಿನ ಕೆಳಗೆ ಅಂಗೈ ಅಗಲದ ತೂತು ಬಿದ್ದು, ಅದರ ಮೇಲೆ ನಾನು ರಬ್ಬರಿನ ಹಾಸು ಹಾಕಿದ್ದೆ. ಮಗಳು ಸಣ್ಣವಳಿದ್ದಾಗ ಹಾಸು ಸರಿಸಿ, ಓಡುವ ರಸ್ತೆ ನೋಡುತ್ತ ಆ ತೂತಿನಲ್ಲಿ ಕಡಲೆಕಾಯಿ ಸಿಪ್ಪೆ ಬಿಡುತ್ತಿದ್ದಳು.

ಅವಳು ಹುಟ್ಟಿದ ವರ್ಷ ಮೈಸೂರಿನಲ್ಲಿ ಕೊಂಡ ಗಾಡಿ. ನಮ್ಮವರದು ಬ್ಯಾಂಕಿನ ಕೆಲಸ. ವರ್ಗವಾದಲ್ಲೆಲ್ಲ ಸಾಮಾನು ಲಾರಿಯಲ್ಲಿ ಬಂದರೆ ನಾವು ಮೂವರು ವ್ಯಾನಿನಲ್ಲಿ. ಆದರೆ ನನಗೆ ಅದನ್ನು ಬಿಡಲಾರದ ಸಂಕಟ ಹಳೆಯ ಊರುಗಳಿಂದ ಬಂದದ್ದಲ್ಲ. ಈಗಿನ ಭಾನುವಾರಗಳಿಂದ ಬಂದದ್ದು.

ಮಗಳು ವಿಜಯವಾಡದಲ್ಲಿ ಇಂಟರ್ ಎರಡನೇ ವರ್ಷ. ನಮ್ಮ ಕಡೆ ಪಿಯುಸಿ ಎನ್ನುವುದನ್ನು ಇಲ್ಲಿ ಇಂಟರ್ ಎನ್ನುತ್ತಾರೆ. ಡಾಕ್ಟರಾಗಬೇಕು ಎಂದು ಹಟ ಹಿಡಿದವಳು ಅವಳೇ. ಕಾಲೇಜು, ಕೋಚಿಂಗು, ಹಾಸ್ಟೆಲು ಎಲ್ಲ ಒಂದೇ ಕಾಂಪೌಂಡಿನೊಳಗೆ ಇರುವ ಕಡೆ ಸೇರಿಸಿದೆವು. ತಿಂಗಳಿಗೊಂದು ಭಾನುವಾರ ಹೆತ್ತವರು ಬರಬಹುದು. ಬಂದವರಿಗೆಂದು ತಗಡಿನ ಚಪ್ಪರವೊಂದಿದೆ. ಅಲ್ಲಿ ಬೆಡ್‌ಶೀಟು ಹಾಸಿಕೊಂಡು ನೂರಾರು ಸಂಸಾರಗಳು ಒತ್ತಿಕೊಂಡು ಕೂತು ಮಕ್ಕಳಿಗೆ ಉಣ್ಣಿಸುತ್ತವೆ. ನಡುವೆ ವಾರ್ಡನ್ನು ಕೈ ಹಿಂದೆ ಕಟ್ಟಿಕೊಂಡು ಓಡಾಡುತ್ತಿರುತ್ತಾರೆ. ಮಕ್ಕಳು ಅಲ್ಲಿ ತಲೆ ಬಗ್ಗಿಸಿ ಉಣ್ಣುತ್ತವೆ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತವೆ.

ನಮಗೆ ವ್ಯಾನಿತ್ತು. ಗೋಡೆಯ ಪಕ್ಕದ ಹೊಂಗೆಮರದ ಕೆಳಗೆ ನಿಲ್ಲಿಸಿ, ನಾನು ಹಳೆಯ ಸೀರೆಯಲ್ಲಿ ಹೊಲಿದ ಪರದೆಗಳನ್ನು ಎಳೆದರೆ ಒಂದು ಕೋಣೆ. ಅವಳು ಊಟ ಮಾಡಿ, ಕಾಲು ಚಾಚಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತಿದ್ದಳು. ಎದ್ದ ಮೇಲೆ, ಇನ್ನೂ ಕಣ್ಣು ಪೂರ್ತಿ ಬಿಡದೆ, ಮಾತಾಡುತ್ತಿದ್ದಳು. ಪಕ್ಕದ ಮಂಚದ ಹುಡುಗಿ ನಿದ್ದೆಯಲ್ಲಿ ಫಾರ್ಮುಲಾ ಹೇಳುವುದು, ಸಾಂಬಾರಿನಲ್ಲಿ ಈಜುವ ಒಂಟಿ ಬೆಂಡೆಕಾಯಿ, ಮೊದಲ ಸಲ ಕಪ್ಪೆ ಕೊಯ್ದ ದಿನ ಊಟ ಬಿಟ್ಟದ್ದು. ವಾರದ ನಡುವೆ ಹಾಸ್ಟೆಲಿನ ಫೋನಿನಲ್ಲಿ, ಹಿಂದೆ ನಿಂತ ಹುಡುಗಿಯರ ಸಾಲಿನ ಮುಂದೆ ಅವಳು ಹೇಳುತ್ತಿದ್ದದ್ದು ಒಂದೇ ಮಾತು: "ಹೂಂ ಅಮ್ಮ, ಚೆನ್ನಾಗಿದೀನಿ." ಅವಳು ನಿಜಕ್ಕೂ ಹೇಗಿದ್ದಾಳೆ ಎನ್ನುವುದು ನನಗೆ ತಿಳಿಯುತ್ತಿದ್ದದ್ದು ಆ ಹಿಂದಿನ ಸೀಟಿನಲ್ಲಿ ಮಾತ್ರ. ಅದು ಹೋದರೆ ಇನ್ನೆಲ್ಲಿ ತಿಳಿಯುವುದು? ಪರೀಕ್ಷೆಗೆ ಇನ್ನೂ ತಿಂಗಳುಗಳಿದ್ದವು. ನನ್ನ ಭಯ ಇಷ್ಟೇ, ಆದರೆ ಅದು ರಾತ್ರಿ ಹಗಲು ಜೊತೆಯಲ್ಲೇ ಇತ್ತು.

"ಹೊಸ ಕಾರಲ್ಲಿ ಎಸಿ ಇದೆ ಕಣೇ," ಎಂದರು ನಮ್ಮವರು. ಸಣ್ಣ ಕಾರೊಂದನ್ನು ಆಗಲೇ ಬುಕ್ ಮಾಡಿದ್ದರು.

"ಕಾಲು ಚಾಚಕ್ಕೆ ಜಾಗ ಇದ್ಯಾ?"

"ಕಾರಿರೋದು ಕೂರಕ್ಕೆ. ಮಲಗಕ್ಕಲ್ಲ."

"ಪರೀಕ್ಷೆ ಮುಗಿಯೋವರೆಗೂ ಇಟ್ಕೊಳೋಣ ರೀ."

"ಎಫ್‌ಸಿ ಮುಗಿದ್ರೆ ರಸ್ತೆಗೆ ತರಕ್ಕಾಗಲ್ಲ. ಮೆಕ್ಯಾನಿಕ್ಕು ಕೆಳಗೆ ಮಲಗಿ ನೋಡಿ ಎದ್ದು ಏನಂದ ಗೊತ್ತಾ? ಸಾರ್, ಇದು ಅಭ್ಯಾಸಬಲದಿಂದ ಓಡ್ತಿದೆ ಅಂದ."

ನಗು ಬಂತು, ಆದರೂ ನಾನು ನಗಲಿಲ್ಲ. ಅವರ ಆಫೀಸಿನ ಅಟೆಂಡರಿನ ಭಾವಮೈದುನ ವಿಜಯವಾಡದವನು. ನಿಲ್ಲಿಸಿದಲ್ಲೇ ನಿಂತು ಇಡ್ಲಿ ದೋಸೆ ಮಾರುವ ಟಿಫಿನ್ ಗಾಡಿ ಮಾಡಿಕೊಳ್ಳಲು ಹಳೆಯ ವ್ಯಾನೊಂದನ್ನು ಹುಡುಕುತ್ತಿದ್ದ. ಅವನಿಗೆ ಒಳ್ಳೆಯ ದಿನ ಬಂದದ್ದು ನಮ್ಮ ಭೇಟಿಯ ಭಾನುವಾರವೇ. ಮಗಳನ್ನು ನೋಡಿ, ಅವಳನ್ನು ಗೇಟಿನೊಳಗೆ ಬಿಟ್ಟು, ಗಾಡಿ ಕೊಟ್ಟು, ರೈಲಿನಲ್ಲಿ ವಾಪಸು. ಎಲ್ಲ ಒಂದೇ ಸಲಕ್ಕೆ ಮುಗಿಯುತ್ತದೆಂದು ನಮ್ಮವರಿಗೆ ಸಮಾಧಾನ.

"ಅವಳಿಗೆ ಹೇಳ್ಬೇಡ," ಎಂದರು. "ಓದೋ ಮಗು. ತಲೆ ಕೆಡಿಸ್ಕೊಳ್ತಾಳೆ."

ಹಾಸ್ಟೆಲಿನ ಮಕ್ಕಳಿಗೆ ಯಾರೂ ಏನನ್ನೂ ಹೇಳುವುದಿಲ್ಲ. ಹಿಂದಿನ ಸಲ ನೀರು ತರಲು ಚಪ್ಪರಕ್ಕೆ ಹೋದಾಗ ಅಲ್ಲಿ ಒಬ್ಬ ತಾಯಿ ಮೊಸರನ್ನ ಕಲಸುತ್ತ, ಮಗ ಕೈ ತೊಳೆಯಲು ಹೋದ ಹೊತ್ತಿನಲ್ಲಿ ನನಗೆ ತೆಲುಗಿನಲ್ಲಿ ಪಿಸುಗುಟ್ಟಿದ್ದರು: ಅವನ ತಾತ ತೀರಿಕೊಂಡು ಎಷ್ಟೋ ದಿನವಾಯಿತು, ಪರೀಕ್ಷೆ ಮುಗಿಯಲಿ ಎಂದು ಇಟ್ಟುಕೊಂಡಿದ್ದೇವೆ. ಮಗ ಬಂದು ಕೂತು, "ತಾತ ಹೇಗಿದಾರೆ?" ಎಂದ. ಚೆನ್ನಾಗಿದ್ದಾರೆ ಎಂದು ಹೇಳಿ ಆ ತಾಯಿ ತುತ್ತು ಕೊಟ್ಟರು. ತಾತನನ್ನೇ ಮುಚ್ಚಿಡುವ ಜಾಗದಲ್ಲಿ ವ್ಯಾನೊಂದನ್ನು ಮುಚ್ಚಿಡುವುದು ಯಾವ ದೊಡ್ಡ ಮಾತು. ಒಪ್ಪಿಕೊಂಡೆ.

ಗುರುವಾರ ಬೆಳಗ್ಗೆ ಸ್ನಾನ ಮಾಡಿ ಕೆಳಗೆ ಹೋಗಿ, ಸ್ಟಿಯರಿಂಗಿನ ಪಕ್ಕದಲ್ಲಿ ಅಂಟಿಸಿದ್ದ ಚಾಮುಂಡಿಯನ್ನು ಬಿಡಿಸಿದೆ. ಬೆರಳುದ್ದದ ವಿಗ್ರಹ, ಬೆಟ್ಟದ ಮೇಲಿನ ಅಂಗಡಿಯಲ್ಲಿ ಕೊಂಡದ್ದು. ಗಾಡಿ ಕೊಡಬಹುದು, ಅದರ ಜೊತೆಗೆ ದೇವರನ್ನು ಕೊಡಲಾಗುವುದಿಲ್ಲ. ಶುಕ್ರವಾರ ದೇವಿಯನ್ನು ಇಳಿಸುವುದೂ ಇಲ್ಲ, ಅದಕ್ಕೇ ಗುರುವಾರ. ಅಂಟು ಕಲ್ಲಾಗಿತ್ತು. ಕೊಬ್ಬರಿ ಎಣ್ಣೆ ಸವರಿ, ಹೊಲಿಗೆ ದಾರವನ್ನು ಅಡಿಗೆ ತೂರಿಸಿ ಹಿಂದೆ ಮುಂದೆ ಎಳೆದ ಮೇಲೆ ತಾಯಿ ಮೇಲೆದ್ದಳು. ಸುತ್ತಲ ಪ್ಲಾಸ್ಟಿಕ್ಕು ಬಿಸಿಲಿಗೆ ಬೂದುಬಣ್ಣವಾಗಿತ್ತು. ಅವಳು ಕೂತಿದ್ದ ದುಂಡನೆಯ ಜಾಗ ಮಾತ್ರ ಕಪ್ಪಗೆ, ಕೊಂಡ ದಿನದ ಹಾಗೆ ಹೊಳೆಯುತ್ತಿತ್ತು.

ಆಗ ಹೊಳೆಯಿತು: ಬಾಗಿಲು ತೆಗೆದ ಕೂಡಲೇ ಮಗಳ ಕಣ್ಣು ಬೀಳುವುದು ಇಲ್ಲಿಗೇ. ಉಟ್ಟ ಸೀರೆಯಲ್ಲೇ ಕಾಲೋನಿಯ ಅಂಗಡಿಗೆ ಹೋದೆ. ಚಾಮುಂಡಿ ಅಂದರೆ ಅಂಗಡಿಯವನಿಗೆ ಗೊತ್ತೇ ಇಲ್ಲ. ವೆಂಕಟೇಶ್ವರ, ಆಂಜನೇಯ, ಮತ್ತೆ ವೆಂಕಟೇಶ್ವರ. ಒಂದು ವೆಂಕಟೇಶ್ವರ ತಂದು ಕೂರಿಸಿದೆ. ಪೀಠ ಸಣ್ಣದು, ಪಕ್ಕದಲ್ಲಿ ಚೌತಿಯ ಚಂದ್ರನಷ್ಟು ಕಪ್ಪು ಉಳಿಯಿತು.

ನಮ್ಮವರು ನೋಡಿ, "ಕೊಡೋ ಗಾಡಿಗೆ ಹೊಸ ದೇವರಾ?" ಎಂದರು.

"ಒಂದು ದಿನಕ್ಕೆ."

"ಅಂದ್ರೆ ಡೆಪ್ಯುಟೇಷನ್ ಮೇಲೆ ಹಾಕಿದ್ದೀಯ," ಎಂದು ಕೈ ಮುಗಿದರು.

ಶನಿವಾರ ಪೂರ್ತಿ ವ್ಯಾನು ತೊಳೆದೆ. ನಾನು ಓದಿದ ಕಾನ್ವೆಂಟಿನಲ್ಲಿ ವರ್ಷದ ಕೊನೆಯ ದಿನ ಸಿಸ್ಟರುಗಳು ಸೋಪುನೀರು ಕೊಟ್ಟು ನಮ್ಮ ಡೆಸ್ಕುಗಳನ್ನು ನಮ್ಮಿಂದಲೇ ತೊಳೆಸುತ್ತಿದ್ದರು, ಮುಂದಿನ ವರ್ಷ ಅಲ್ಲಿ ಕೂರುವ ಹುಡುಗಿಗಾಗಿ. ಆ ಅಭ್ಯಾಸ ಕೈಯಲ್ಲೇ ಉಳಿದುಬಿಟ್ಟಿದೆ. ಸೀಟಿನ ಸಂದಿಯಿಂದ ಹೇರ್‌ಪಿನ್ನು, ಒಂದು ಗೋಲಿ, ಕಿತ್ತಳೆ ಬೀಜ, ಯಾವುದೋ ಹಬ್ಬದ ಒಣಗಿದ ಎಳ್ಳು ಬಂದವು. ಎಲ್ಲ ತೆಗೆದು ಫಿನಾಯಿಲು ಹಾಕಿದೆ. ಒಳ್ಳೆಯ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಭಾನುವಾರ ಬೆಳಕು ಹರಿಯುವ ಮೊದಲೇ ಹೊರಟೆವು. ಬೆಲ್ಲದ ಮಂಡಿಗಳಿರುವ ಅನಕಾಪಲ್ಲಿ ದಾಟುವಾಗ ಎಂದಿನಂತೆ ಕಿಟಕಿ ಇಳಿಸಿದೆ. ಬೆಲ್ಲದ ವಾಸನೆ ಒಳಗೆ ಬಂದು ಫಿನಾಯಿಲಿನ ಜೊತೆ ಸೇರಿತು. ದಾರಿಯುದ್ದಕ್ಕೂ ನಾನು ಮುಂದಿನ ಸೀಟಿನಲ್ಲಿ ನೆಟ್ಟಗೆ ಕೂರಲಿಲ್ಲ. ಬುಟ್ಟಿ ತೆಗೆದು ಅಕ್ಕಿರೊಟ್ಟಿಗೆ ಬಟ್ಟೆ ಸುತ್ತಿದೆಯೇ ನೋಡಿದೆ, ಮತ್ತೆ ನೋಡಿದೆ. ಗೋದಾವರಿಯ ಸೇತುವೆಯ ಮೇಲೆ ನಮ್ಮವರು ಗಾಡಿ ನಿಧಾನ ಮಾಡಿದರು.  ಎಡಗೈಯಲ್ಲಿ ಗೇರಿನ ಗುಂಡನ್ನು ಸುಮ್ಮನೆ ಸವರುತ್ತಿದ್ದರು. ಇವರಿಗೂ ಈ ಸಂಕಟ ಇದೆ ಎಂದು ಗೊತ್ತಾಗಿ ನನ್ನ ತಳಮಳ ಇನ್ನೂ ಹೆಚ್ಚಾಯಿತು. ಇಬ್ಬರಿಗೂ ಇದ್ದರೆ ಅವಳ ಮುಂದೆ ಮುಚ್ಚಿಕೊಳ್ಳುವವರು ಯಾರು?

ಗೇಟಿನಿಂದ ಅವಳು ಬಂದಳು. ಬಿಗಿಯಾದ ಎರಡು ಜಡೆ, ಕೊರಳಿಗೆ ಐಡಿ ಕಾರ್ಡು, ಭುಜದ ಮೂಳೆ ಹಿಂದಿನ ಸಲಕ್ಕಿಂತ ಎದ್ದು ಕಾಣುತ್ತಿತ್ತು. ವ್ಯಾನಿನ ಬಾಗಿಲನ್ನು ತನ್ನ ಅಭ್ಯಾಸದಂತೆ ಸ್ವಲ್ಪ ಮೇಲೆತ್ತಿ ಎಳೆದಳು. ಒಂದು ಕಾಲು ಒಳಗಿಟ್ಟು ಹಾಗೇ ನಿಂತಳು.

"ಅಮ್ಮ, ಇವರು ಯಾರು?"

"ಯಾರು?"

"ಮುಂದೆ ನಿಂತಿದಾರಲ್ಲ. ನಮ್ಮ ಚಾಮುಂಡಿ ಎಲ್ಲಿ?"

"ಬಣ್ಣ ಹೋಗಿತ್ತು ಕಣೇ. ಬಳಿಸಕ್ಕೆ ಕೊಟ್ಟಿದೀನಿ."

"ಓ." ಮೂಗು ಏರಿಸಿದಳು. "ಆಸ್ಪತ್ರೆ ಥರ ವಾಸನೆ."

"ನಾಳೆ ಡಾಕ್ಟರಾಗೋಳು, ಈಗ್ಲೇ ಅಭ್ಯಾಸ ಮಾಡ್ಕೋ," ಎಂದರು ಇವರು.

ಅವಳು ನಗಲಿಲ್ಲ. "ಸರ್ಲೇ," ಎಂದಳು. ತೆಲುಗಿನ ಆ ಮಾತನ್ನು ಅವಳು 'ಆಯ್ತು ಬಿಡು' ಎನ್ನುವ ಕಡೆ ಬಳಸುತ್ತಾಳೆ, ನಮ್ಮ ಮೇಲೆ ಬೇಜಾರಾದಾಗ.

ಒಂದು ರೊಟ್ಟಿಯನ್ನು ಚೂರು ಚೂರು ಮಾಡಿ ತಿಂದಳು. ಇನ್ನೊಂದು ಹಾಕಲು ಹೋದರೆ ತಟ್ಟೆ ಸರಿಸಿದಳು. ಆಮೇಲೆ ಮಲಗಿದಳು; ನನ್ನ ತೊಡೆಯ ಮೇಲಲ್ಲ, ಆ ಕಡೆಗೆ ತಲೆ ಹಾಕಿ, ಮುಖವನ್ನು ಸೀಟಿನ ಬೆನ್ನಿಗೆ ತಿರುಗಿಸಿ. ಬೆಳಗಿನ ಭಯವೆಲ್ಲ ಈಗ ಎದುರಿಗೆ ಬಂದು ಕೂತಂತಾಯಿತು. ಇದೇ ಕೊನೆಯ ಭಾನುವಾರ, ಇಂದೇ ಅವಳು ಮಾತಾಡುತ್ತಿಲ್ಲ. ನಮ್ಮವರು ಹೊರಗೆ ಹಳೆಯ ಪೇಪರಿನಿಂದ ಗಾಜು ಒರೆಸುತ್ತಿದ್ದರು. ಒರೆಸಿದ್ದನ್ನೇ ಒರೆಸಿ, ಕೊನೆಗೆ ಟೀ ಕುಡಿಯಲು ಹೋದರು. ನಾನು ಅವಳ ಕಾಲಿನ ಕಡೆ ಕೂತು ಪರದೆಯ ಮಡಿಕೆಗಳನ್ನು ಸರಿಮಾಡುತ್ತಿದ್ದೆ. ಅವಳ ಉಸಿರು ನಿದ್ದೆಯದಲ್ಲ ಎನ್ನುವುದು ನನಗೆ ಗೊತ್ತಾಗುತ್ತಿತ್ತು. ಹೆತ್ತವಳಿಗೆ ಅಷ್ಟೂ ಗೊತ್ತಾಗದೇ?

"ವ್ಯಾನು ಕೊಟ್ಬಿಡ್ತಿದೀವಿ," ಎಂದೆ. ಹೇಳಬಾರದೆಂದು ಒಪ್ಪಿದ್ದೆ, ಬಾಯಿ ಕೇಳಲಿಲ್ಲ. "ಇವತ್ತೇ. ನಿನ್ನ ಒಳಗೆ ಬಿಟ್ಟ ಮೇಲೆ."

"ಗೊತ್ತು."

"ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ದೇವರನ್ನ ಇಳಿಸಿದೀಯ." ಇನ್ನೂ ಆ ಕಡೆಗೇ ತಿರುಗಿದ್ದಳು. "ಎಷ್ಟು ಮನೆ ಖಾಲಿ ಮಾಡಿದೀವಿ ಅಮ್ಮ. ಪ್ರತಿ ಸಲ ಮೊದಲು ಇಳಿಸೋದು ದೇವರನ್ನೇ. ನಾನು ಸ್ಕೂಲಿಂದ ಬಂದು ದೇವರ ಗೂಡು ಖಾಲಿ ಇದ್ರೆ, ಓಹೋ ಟ್ರಾನ್ಸ್‌ಫರ್ರು ಅಂತ ಬ್ಯಾಗು ಕೂಡ ಬಿಚ್ತಿರ್ಲಿಲ್ಲ."

 ಗೂಡು ಖಾಲಿಯಾದ ದಿನ ಅವಳು ಅದನ್ನು ನೋಡುತ್ತಿದ್ದಳು ಎನ್ನುವುದು ನನಗೆ ತಿಳಿದಿರಲಿಲ್ಲ. ನಾನು ಆಗೆಲ್ಲ ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುವ ಗಡಿಬಿಡಿಯಲ್ಲಿರುತ್ತಿದ್ದೆ.

"ಮತ್ತೆ ಆ ತಿಮ್ಮಪ್ಪನ್ನ ಯಾಕೆ ಕೂರಿಸ್ದೆ? ನಾನೇನು ಚಿಕ್ಕ ಮಗುನಾ?" ಈಗ ಎದ್ದು ಕೂತಳು. ಕಣ್ಣು ಕೆಂಪಗಿತ್ತು. "ಹೋಗ್ಲಿ. ಗಾಡಿ ಕೊಡಕ್ಕೆ ನಾನೂ ಬರ್ತೀನಿ."

ಅಷ್ಟರಲ್ಲಿ ಇವರು ಟೀ ಕುಡಿದು ಬಂದರು. ಇಬ್ಬರ ಮುಖ ನೋಡಿದ ಕೂಡಲೇ ಅರ್ಥವಾಯಿತು. ನನ್ನನ್ನು ಬೈಯಲಿಲ್ಲ. "ಐದಕ್ಕೆ ಗೇಟು ಹಾಕ್ತಾರೆ ಪುಟ್ಟಿ. ತಡ ಆದ್ರೆ ವಾರ್ಡನ್ನು..." ಎಂದರು. ಗೇಟಿನ ಹೊತ್ತು ಎಂದರೆ ಅವರಿಗೆ ಬ್ಯಾಂಕು ತೆಗೆಯುವ ಹೊತ್ತಿನಷ್ಟೇ ಭಯಭಕ್ತಿ.

"ಹೋಗಿ ಬಂದ್ಬಿಡೋಣ ಅಪ್ಪ. ನೀವು ಮಾತು ಬೆಳೆಸಿದ್ರೆನೇ ತಡ."

ಕೊಳ್ಳುವವನ ಮನೆ ಬೆಂಜ್ ಸರ್ಕಲ್ಲಿನಿಂದ ಒಳಗೆ, ಶೋರೂಮುಗಳ ಹಿಂದಿನ ಗಲ್ಲಿಯಲ್ಲಿ. ಗಂಡ ಹೆಂಡತಿ ಇಬ್ಬರೂ ಬಾಗಿಲಲ್ಲೇ ಕಾಯುತ್ತಿದ್ದರು. ಹೆಂಡತಿ ಆಗಲೇ ಅರಿಶಿನ ಕುಂಕುಮದ ತಟ್ಟೆ ಹಿಡಿದಿದ್ದಳು. ವ್ಯಾನಿನ ಹಣೆಗೆ ಬೊಟ್ಟಿಟ್ಟು ಒಳಗೆ ಹತ್ತಿ, ಹಿಂದಿನ ಸೀಟಿನ ಮೇಲೆ ಗೇಣು ಹಾಕಿ ಅಳೆಯತೊಡಗಿದಳು. ಇಲ್ಲಿ ಒಲೆ, ಇಲ್ಲಿ ಹಿಟ್ಟಿನ ಪಾತ್ರೆ, ಸೀಟು ಕಿತ್ತು ಹಾಕಿದರೆ ಇಲ್ಲಿ ನೀರಿನ ಡ್ರಮ್ಮು. ನಾನು ಹೊರಗೆ ನಿಂತು ಸೆರಗಿನ ತುದಿ ಸುತ್ತಿದೆ, ಬಿಚ್ಚಿದೆ.

ಮಗಳು ಒಳಗೆ ಹತ್ತಿದಳು. ಅವರ ಜೊತೆ ತೆಲುಗಿನಲ್ಲಿ ಎಷ್ಟು ಸಲೀಸಾಗಿ, ಎಷ್ಟು ಗಟ್ಟಿಯಾಗಿ ಮಾತಾಡಿದಳೆಂದರೆ ನಾನು ಬೇರೆ ಯಾರದೋ ಮಗಳನ್ನು ನೋಡುತ್ತಿರುವಂತೆ ನೋಡಿದೆ. ಬಾಗಿಲನ್ನು ಬರೀ ಎಳೆದರೆ ಬರುವುದಿಲ್ಲ ಅಕ್ಕಾ, ಹೀಗೆ ಎತ್ತಿ ಎಳೆಯಬೇಕು. ಮಳೆಗಾಲದಲ್ಲಿ ಈ ಮೂಲೆ ಸೋರುತ್ತದೆ, ಹಿಟ್ಟನ್ನು ಇಲ್ಲಿ ಇಡಬೇಡಿ. ಹಾಸಿನ ಕೆಳಗೆ ತೂತಿದೆ, ಪಾತ್ರೆ ತೊಳೆದ ನೀರು ಹೋಗಲು ನಿಮಗೆ ಅನುಕೂಲ. ಹೆಂಡತಿ ನಕ್ಕಳು, ಇವಳೂ ನಕ್ಕಳು. ಗಂಡ ಮುಂದಿನ ಸೀಟಿಗೆ ಹತ್ತಿ ವೆಂಕಟೇಶ್ವರನನ್ನು ಕಂಡು ಕಣ್ಣಿಗೆ ಒತ್ತಿಕೊಂಡ. ದೇವರ ಸಮೇತ ಕೊಡುತ್ತೀರಾ, ಎಷ್ಟು ದೊಡ್ಡ ಮನಸ್ಸು ಎಂದು ನನಗೆ ಕೈ ಮುಗಿದ. ಅದನ್ನು ಬಿಡಿಸಿಕೊಳ್ಳಲು ಸೆರಗಿನಲ್ಲಿ ದಾರ ಕೂಡ ತಂದಿದ್ದೆ. ತೆಗೆಯಲಿಲ್ಲ.

"ಪೋಸ್ಟಿಂಗು ಕಾಯಂ ಆಯ್ತು," ಎಂದು ನಮ್ಮವರು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.  ಕೀಲಿಕೈಯನ್ನು ಬಲಗೈಯಲ್ಲಿ ಕೊಟ್ಟು ಆ ಕಡೆ ತಿರುಗಿ ರೈಲಿನ ಟಿಕೇಟು ಜೇಬಿನಲ್ಲಿದೆಯೇ ಮುಟ್ಟಿ ನೋಡಿಕೊಂಡರು.

ವ್ಯಾನಿನಿಂದ ಇಳಿಸಿದ ಪರದೆ, ಊಟದ ಬುಟ್ಟಿ, ನೀರಿನ ಕ್ಯಾನು, ದಿಂಬುಗಳು ಎಲ್ಲ ಸೇರಿ ಒಂದು ಗುಡ್ಡೆಯಾಯಿತು. ಆಟೋ ಹಿಡಿದೆವು. ಹಿಂದೆ ಸಾಮಾನು, ನಾನು, ಮಗಳು; ಜಾಗವಿಲ್ಲದೆ ಇವರು ಮುಂದೆ ಡ್ರೈವರಿನ ಪಕ್ಕದಲ್ಲಿ ಅರ್ಧ ಕೂತು, ಅರ್ಧ ಹೊರಗೆ ನೇತುಬಿದ್ದರು. ನಾನು ಹಿಂತಿರುಗಿ ನೋಡಿದೆ. ಆ ಹೆಂಗಸು ಆಗಲೇ ಬಾಗಿಲನ್ನು ಎತ್ತಿ ಎಳೆದು, ಮತ್ತೆ ಎತ್ತಿ ಎಳೆದು ಅಭ್ಯಾಸ ಮಾಡುತ್ತಿದ್ದಳು. ತಿರುವು ಬಂತು.

ಬೆಂಜ್ ಸರ್ಕಲ್ಲಿನಲ್ಲಿ ಸಂಜೆಯ ನೂಕುನುಗ್ಗಲು. ಬಸ್ಸುಗಳ ನಡುವೆ ಆಟೋ ಸಿಕ್ಕಿಕೊಂಡು ಬುಸುಗುಟ್ಟುತ್ತಿತ್ತು. ಎರಡು ಕಡೆಯಿಂದಲೂ ಜನ, ಹೊಗೆ, ಹಾರನ್ನು. ಇಲ್ಲಿ ಯಾರು ಏನು ಹೇಳಲು ಸಾಧ್ಯ ಎಂದು ನಾನು ಬುಟ್ಟಿಯನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಕೂತಿದ್ದೆ.

"ಅಮ್ಮ," ಎಂದಳು ಮಗಳು. ನನ್ನ ಕಡೆ ನೋಡದೆ, ಎದುರಿನ ಬಸ್ಸಿನ ಹಿಂಭಾಗ ನೋಡುತ್ತ. "ನನ್ನ ಸೆಕ್ಷನ್ನು ಬದಲಾಗಿದೆ."

"ಅಂದ್ರೆ?"

"ವಾರ ವಾರ ಟೆಸ್ಟು ಇರುತ್ತಲ್ಲ. ಮಾರ್ಕ್ಸ್ ಇಳಿದ್ರೆ ಕೆಳಗಿನ ಸೆಕ್ಷನ್ನಿಗೆ ಹಾಕ್ತಾರೆ. ಸೆಕ್ಷನ್ ಬದಲಾದ್ರೆ ರೂಮೂ ಬದಲು. ನೀವು ಹೋದ ಸಲ ಬಂದಾಗ್ಲೇ ಆಗಿತ್ತು."

"ಹೋದ ಸಲ ಫಾರ್ಮುಲಾ ಹುಡುಗಿ ಕಥೆ ಹೇಳಿ ನಗಿಸಿದ್ಯಲ್ಲೇ."

"ಅದು ಹಳೇ ರೂಮಿನ ಕಥೆ."

ಡ್ರೈವರು ಕನ್ನಡಿಯಲ್ಲಿ ನಮ್ಮನ್ನು ನೋಡಿದ. ಯಾವ ಭಾಷೆಯೋ ಎಂದು ಕಣ್ಣು ಕಿರಿದು ಮಾಡಿ, ಮತ್ತೆ ಹಾರನ್ನು ಒತ್ತಿದ. ಮುಂದೆ ನೇತುಬಿದ್ದಿದ್ದ ಇವರ ಬೆನ್ನು ಅಲ್ಲಾಡುವುದನ್ನು ನಿಲ್ಲಿಸಿತು. ಅವರಿಗೆ ಕೇಳಿಸಿತ್ತು.

"ಹೊಸ ರೂಮಲ್ಲಿ ಯಾರೂ ನನ್ನ ಜೊತೆ ಮಾತಾಡಲ್ಲ. ಯಾರೂ ಯಾರ ಜೊತೇನೂ ಮಾತಾಡಲ್ಲ, ಎಲ್ಲರಿಗೂ ಮೇಲಿನ ಸೆಕ್ಷನ್ನಿಗೆ ಹೋಗ್ಬೇಕು. ನನ್ನ ಮಂಚ ಬಾತ್‌ರೂಮಿನ ಲೈಟಿನ ಎದುರಿಗೆ. ನಿದ್ದೆ ಬರಲ್ಲ ಅಮ್ಮ. ಬೆಳಗ್ಗೆ ಕ್ಲಾಸಲ್ಲಿ ಅಕ್ಷರ ಓಡ್ತಾ ಇರ್ತವೆ." ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ನೀವು ಬೇಜಾರ್ ಮಾಡ್ಕೋತೀರ ಅಂತ ಹೇಳ್ಲಿಲ್ಲ. ಇವತ್ತು ವ್ಯಾನಲ್ಲಿ ಹೇಳೋಣ ಅಂತ ಬಂದೆ. ಬಂದು ನೋಡಿದ್ರೆ ನೀವೇ ನನಗೆ ಹೇಳ್ತಿಲ್ಲ."

ನಾನು ಬುಟ್ಟಿ ಬಿಟ್ಟು ಅವಳ ಕೈ ಹಿಡಿದೆ. ಬೆರಳುಗಳು ತಣ್ಣಗಿದ್ದವು. ಹೇಳಬೇಕಾದದ್ದು ಬೇಕಾದಷ್ಟಿತ್ತು: ಮನೆಗೆ ಬಂದುಬಿಡು, ಅಥವಾ ನಾನೇ ಬಂದು ಇಲ್ಲೊಂದು ರೂಮು ಮಾಡುತ್ತೇನೆ, ಅಥವಾ ವಾರ್ಡನ್ನಿನ ಹತ್ತಿರ ಮಾತಾಡುತ್ತೇನೆ.  ಯಾವುದನ್ನು ಹೇಳಿದರೂ ಅವಳು ಅಲ್ಲಿಗೇ ನಿಲ್ಲಿಸಿ "ಸರ್ಲೇ" ಎಂದುಬಿಡುತ್ತಾಳೆ ಎಂದು ಅನ್ನಿಸಿತು. "ಹೂಂ, ಆಮೇಲೆ?" ಎಂದೆ ಅಷ್ಟೇ.

ಸರ್ಕಲ್ಲು ದಾಟಿತು. ಆಟೋ ಎಡಕ್ಕೆ ತಿರುಗಿ, ಹಾಸ್ಟೆಲಿನ ಉದ್ದ ಗೋಡೆಯ ಪಕ್ಕಕ್ಕೆ ಬಂತು. ವ್ಯಾನು ನಿಲ್ಲಿಸುತ್ತಿದ್ದ ಜಾಗದಲ್ಲಿ ಬೇರೆ ಯಾರದೋ ಕಾರು ನಿಂತಿತ್ತು. ಮುಂದೆ ಗೇಟು, ಗೇಟಿನ ಬಾಯಲ್ಲಿ ಅವಸರದಲ್ಲಿ ಮಕ್ಕಳ ತಲೆ ಸವರುತ್ತಿರುವ ತಾಯಂದಿರು. ವಾಚ್‌ಮನ್ನು ಒಂದು ರೆಕ್ಕೆ ಆಗಲೇ ಎಳೆದಿದ್ದ. ಮಗಳು ಐಡಿ ಕಾರ್ಡನ್ನು ಸರಿಮಾಡಿಕೊಂಡಳು, ಮಾತು ಅರ್ಧದಲ್ಲಿತ್ತು.

"ಎಕ್ಕಡ ಆಪಾಲಿ ಸಾರ್?" ಎಂದ ಡ್ರೈವರು, ಎಲ್ಲಿ ನಿಲ್ಲಿಸಲಿ ಎಂದು.

ನಮ್ಮವರು ವಾಚು ನೋಡಿಕೊಂಡರು. ನಮ್ಮ ಕಡೆ ತಿರುಗಲಿಲ್ಲ. "ಆಪೊದ್ದು," ಎಂದರು. "ನಿಲ್ಲಿಸ್ಬೇಡ. ಪೋನಿ, ಮುಂದಕ್ಕೆ ಪೋನಿ."

"ಎಕ್ಕಡಿಕಿ ಸಾರ್?"

"ಎಲ್ಲಿಗಾದ್ರೂ ಹೋಗಪ್ಪ. ಅವಳು ಹೇಳಿ ಮುಗಿಸ್ಲಿ."

ಅದನ್ನು ಅವರು ಕನ್ನಡದಲ್ಲೇ ಹೇಳಿದರು. ಡ್ರೈವರಿಗೆ ಎಷ್ಟು ಅರ್ಥವಾಯಿತೋ, ಇವರು ಕೈ ತೋರಿಸಿದ ಕಡೆಗೆ ಹೋದ. ಗೇಟು ಪಕ್ಕದಲ್ಲಿ ಸರಿದು ಹಿಂದೆ ಬಿತ್ತು. ಮಗಳು ಒಂದು ಸಲ ಅದರ ಕಡೆ ನೋಡಿದಳು, ಅಪ್ಪನ ಬೆನ್ನು ನೋಡಿದಳು, ದಿಂಬುಗಳನ್ನು ತಳ್ಳಿ ನನ್ನ ಭುಜದ ಹತ್ತಿರಕ್ಕೆ ಸರಿದಳು. ಆಮೇಲೆ ಎಲ್ಲಿ ನಿಲ್ಲಿಸಿದ್ದಳೋ ಅಲ್ಲಿಂದ ಮತ್ತೆ ಹೇಳತೊಡಗಿದಳು.